ಹೆಸರಿನ ಮುಂದಿನ 2

ಪುಣೆಯ ಒಂದು ಕಟ್ಟಡ ಸೈಟಿನ ಹಾಜರಿ ಪುಸ್ತಕ ನನ್ನ ಮೇಜಿನ ಮೇಲಿತ್ತು. ಉದ್ದನೆಯ ರಿಜಿಸ್ಟರು, ಮೂಲೆಗಳಲ್ಲಿ ಸಿಮೆಂಟಿನ ಧೂಳು. ಸಾಲಿಗೊಂದು ಗಂಡಸಿನ ಹೆಸರು, ಮುಂದೆ ತಾರೀಖಿನ ಚೌಕಗಳು. ಕೆಲವರ ಚೌಕದಲ್ಲಿ 1, ಕೆಲವರದರಲ್ಲಿ 2. ಎರಡು ಅಂದರೆ ಓವರ್‌ಟೈಮ್ ಇರಬೇಕು ಅಂದುಕೊಂಡೆ. ಎದುರಿಗೆ ಕೂತಿದ್ದ ಜೇವರ್ಗಿ ಕಡೆಯ ಹೆಣ್ಣುಮಗಳು ನಕ್ಕಳು. "ಅದರಾಗ ಒಂದು ನಾನೇ ರೀ ಅಕ್ಕಾರ."

ಅವಳ ಗಂಡ ಹೇಳದೆ ಕೇಳದೆ ಎಲ್ಲೋ ಹೋಗಿಬಿಟ್ಟಿದ್ದ. ಎರಡು ತಿಂಗಳ ಪಗಾರ ಬಾಕಿ. ಕೇಳಲು ಹೋದರೆ ಗುತ್ತಿಗೆದಾರ, "ಲೆಕ್ಕ ನಿನ್ನ ಗಂಡನ ಜೊತೆ, ಅವನನ್ನೇ ಕರ್ಕೊಂಡು ಬಾ" ಅಂದಿದ್ದಾನೆ. ಅಷ್ಟೂ ದಿನ ಬುಟ್ಟಿ ಹೊತ್ತವಳು ಅವಳು. ಆದರೆ ಪುಸ್ತಕದಲ್ಲಿ ಅವಳು ಬರೀ ಅಂಕಿ.

ಪುಣೆಯಲ್ಲಿ ಕಾರ್ಮಿಕರ ಕೇಸು ನೋಡುವ ನನ್ನಂಥವರಿಗೆ ಇದು ಹೊಸದಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಇಲ್ಲಿಗೆ ಬರುವವರು ಹೆಚ್ಚಾಗಿ ಗಂಡ ಹೆಂಡತಿ ಕೂಡಿಯೇ ಬರುತ್ತಾರೆ. ಸೈಟಿನವರ ಬಾಯಲ್ಲಿ ಅದು 'ಜೋಡಿ'. ಅವನು ಗೌಂಡಿ, ಅಂದರೆ ಗೋಡೆ ಕಟ್ಟುವವನು; ಇವಳು ಬಿಗಾರಿ, ಅಂದರೆ ಅವನ ಕೈಯಾಳು. ಊರಲ್ಲಿ ಕೊಡುವ ಉಚಲ, ಅಂದರೆ ಮುಂಗಡ, ಅವನ ಕೈಗೆ. ವಾರದ ಖರ್ಚಿಯೂ ಅವನ ಕೈಗೆ. ಕಬ್ಬು ಕಡಿಯಲು ಬರುವವರದು ಇನ್ನೂ ವಿಚಿತ್ರ. ಅಲ್ಲಿ ಜೋಡಿಗೆ 'ಕೊಯತಾ' ಅಂತಲೇ ಹೆಸರು, ಅಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಕುಡುಗೋಲು.

ಸರ್ಕಾರ ಹೆಂಗಸರಿಗೆ ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಬಹಳ ಸಪ್ಪೆ: ಆ ಪುಸ್ತಕದಲ್ಲಿ ಅವಳಿಗೊಂದು ಸಾಲು ಬರೆಸಿ. ಕರ್ನಾಟಕದಲ್ಲಿ ಗೃಹಲಕ್ಷ್ಮಿಯ 2,000, ಮಹಾರಾಷ್ಟ್ರದಲ್ಲಿ ಲಾಡಕಿ ಬಹಿಣ್‌ನ 1,500 ರೂಪಾಯಿ ಇದೆ. ಬೇಡ ಅನ್ನುವುದಿಲ್ಲ, ಆ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದವರನ್ನು ನೋಡಿದ್ದೇನೆ. ಆದರೆ ಎರಡೂ ಮೊದಲು ಕೇಳುವುದು ನೀನು ಯಾವ ರಾಜ್ಯದವಳು ಅಂತ. ವರ್ಷದಲ್ಲಿ ಎಂಟು ತಿಂಗಳು ಇಲ್ಲಿ, ನಾಲ್ಕು ತಿಂಗಳು ಅಲ್ಲಿ ಇರುವವಳು ಏನು ಹೇಳಬೇಕು? ದುಡಿದದ್ದಂತೂ ಸೈಟಿನಲ್ಲಿ. ಅದರ ಗುರುತಾದರೂ ಅಲ್ಲಿ ಇರಬೇಕಲ್ವಾ?

ಆ ಒಂದು ಸಾಲು ಇಲ್ಲದಿದ್ದರೆ ಏನೇನು ಹೋಗುತ್ತದೆ ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಅಂತ ಪ್ರತಿ ರಾಜ್ಯದಲ್ಲೂ ಇದೆ. 1996ರ ಕಾನೂನಿನಿಂದ ಬಂದದ್ದು. ಕಟ್ಟಡದ ಖರ್ಚಿನಲ್ಲಿ ಶೇ. 1ರಷ್ಟು ಸೆಸ್ ಅದಕ್ಕೆ ಹೋಗುತ್ತದೆ, ಹಾಗಾಗಿ ದುಡ್ಡಿಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಹೆಸರು ನೋಂದಾಯಿಸಬಹುದು. ಮಹಾರಾಷ್ಟ್ರದ ಮಂಡಳಿಯಿಂದ ಮಾಮೂಲಿ ಹೆರಿಗೆಗೆ 15,000, ಸಿಸೇರಿಯನ್ ಆದರೆ 20,000 ರೂಪಾಯಿ ಸಿಗುತ್ತದೆ, ಎರಡು ಮಕ್ಕಳವರೆಗೆ. ಆದರೆ 90 ದಿನದ ಸರ್ಟಿಫಿಕೇಟ್ ಕೊಡಬೇಕಾದವನು ಗುತ್ತಿಗೆದಾರ. ಪುಸ್ತಕದಲ್ಲಿ ಇಲ್ಲದವಳಿಗೆ ಅವನು ಏನಂತ ಬರೆದುಕೊಟ್ಟಾನು?

ನೋಂದಣಿಯಾದ ಗಂಡಸಿನ ಹೆಂಡತಿಗೂ ಹೆರಿಗೆಯ ಹಣ ಬರುತ್ತದೆ, ಮತ್ಯಾಕೆ ಇವಳ ಹೆಸರು ಅಂತ ಒಬ್ಬ ಅಧಿಕಾರಿಯೇ ನನ್ನನ್ನು ಕೇಳಿದ್ದರು. ಬರುತ್ತದೆ, ಹೆಂಡತಿ ಅಂತ. ಗಂಡ ಕಾಣೆಯಾದ ದಿನ ಅವಳು ಏನಂತ ಹೋಗಿ ಕೇಳಬೇಕು?

ಕೂಸಿನ ಮನೆಯ ಕಥೆಯೂ ಅದೇ. 1996ರ ಆ ಹಳೆಯ ಕಾನೂನಿನಲ್ಲಿ 50ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಜಾಗ ಮಾಡಿಕೊಡಬೇಕಿತ್ತು. ಕಾಗದದಲ್ಲಿ ಹೆಂಗಸರೇ ಇಲ್ಲದ ಮೇಲೆ ಐವತ್ತು ಎಲ್ಲಿಂದ ಆಗಬೇಕು? ಮರಳಿನ ರಾಶಿಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಕೂಸು, ಅದನ್ನು ತೂಗುತ್ತ ಐದು ವರ್ಷದ ಅಕ್ಕ. ಇದನ್ನು ನೋಡದ ಪುಣೆಯವರು ಯಾರೂ ಇಲ್ಲ. 2025ರ ನವೆಂಬರ್ 21ರಿಂದ ಹಳೆಯ ಕಾನೂನುಗಳ ಬದಲಿಗೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅದರಲ್ಲಿ ಎಣಿಸುವುದು ಹೆಂಗಸರನ್ನಲ್ಲ, ಒಟ್ಟು ಕೆಲಸಗಾರರನ್ನು. ಸಂಹಿತೆಗಳ ಬಗ್ಗೆ ನನಗೆ ತಕರಾರು ಬೇಕಾದಷ್ಟಿವೆ, ಆದರೆ ಈ ಬದಲಾವಣೆ ಒಳ್ಳೆಯದು.

ಇನ್ನು ಮುಕಾದಮನ, ಅಂದರೆ ಆಳುಗಳ ಮೇಸ್ತ್ರಿಯ ಕಾಟ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, 2013ರ ಲೈಂಗಿಕ ಕಿರುಕುಳ ತಡೆ ಕಾನೂನಿನಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮೂರು ತಿಂಗಳೊಳಗೆ ದೂರು ಕೊಡಬೇಕು. ಬರೆಯಲು ಬಾರದವರಿಗೆ ಸಮಿತಿಯೇ ಬರೆಯಲು ನೆರವಾಗಬೇಕು. ಕೂಲಿಯವಳು, ಗುತ್ತಿಗೆಯವಳು, ಎಲ್ಲರಿಗೂ ಇದು ಅನ್ವಯಿಸುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೂ ಎದುರಿನವರ ಮೊದಲ ಮಾತು ಏನು ಗೊತ್ತಾ? "ಇವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ."

ಹೆಸರು ಬರೆಯುವುದು ಅಷ್ಟು ಕಷ್ಟವೇ? ಇದೇ ಹೆಣ್ಣುಮಗಳು ಊರಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿದ್ದಳು. ಜಾಬ್ ಕಾರ್ಡ್ ಮನೆಗೆ ಒಂದೇ ಆದರೂ ಎನ್‌ಎಂಆರ್‌ನಲ್ಲಿ, ಅಂದರೆ ಅಲ್ಲಿನ ಹಾಜರಿ ಪಟ್ಟಿಯಲ್ಲಿ, ಅವಳ ಹೆಸರು ಬೇರೆ, ಗಂಡನ ಹೆಸರು ಬೇರೆ. ಕೂಲಿ ಅವಳ ಖಾತೆಗೆ. 2005ರ ಆ ಕಾನೂನು ಮೂರರಲ್ಲಿ ಒಂದು ಪಾಲು ಕೆಲಸ ಹೆಂಗಸರಿಗೆ ಸಿಗಬೇಕು ಅಂದಿತ್ತು. ಕೆರೆಯ ಹೂಳೆತ್ತುವಾಗ ಇದ್ದ ಹೆಸರು ಸೊಲ್ಲಾಪುರ ದಾಟುವಷ್ಟರಲ್ಲಿ ಅಳಿಸಿಹೋಯಿತು.

ಅಳಿಸಿದ್ದೂ ಪೂರ್ತಿಯಾಗಿ ಅಲ್ಲ. ಅವಳ ಕೇಸಿನಲ್ಲಿ ನಮಗೆ ದಾರಿ ಸಿಕ್ಕಿದ್ದು ಹೆಲ್ಮೆಟ್ಟಿನಿಂದ. ಸೈಟಿಗೆ ಬಂದ ಮೊದಲ ದಿನ ಬಿಲ್ಡರ್‌ನ ಸೇಫ್ಟಿ ಆಫೀಸರ್ ಎಲ್ಲರಿಗೂ ಹೆಲ್ಮೆಟ್ ಕೊಟ್ಟು ಸಹಿ ಮಾಡಿಸಿಕೊಂಡಿದ್ದರು. ಆ ಪಟ್ಟಿಯಲ್ಲಿ ಅವಳ ಹೆಸರು, ಆಧಾರ್ ನಂಬರು, ಹೆಬ್ಬೆಟ್ಟು ಎಲ್ಲ ಇತ್ತು. ಹೆಲ್ಮೆಟ್ಟಿನ ಲೆಕ್ಕಕ್ಕೆ ಅವಳೊಬ್ಬ ಮನುಷ್ಯಳು, ಪಗಾರದ ಲೆಕ್ಕಕ್ಕೆ ಅಲ್ಲ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಮಾಲೀಕನೇ ಕೂಲಿ ಕೊಡಬೇಕು ಅಂತ ಕಾನೂನಿದೆ. ಆ ಪಟ್ಟಿಯ ಮೇಲೆ ಬಿಲ್ಡರ್‌ಗೆ ನೋಟಿಸ್ ಕೊಟ್ಟೆವು. ಮೂರನೇ ವಾರಕ್ಕೆ ಗುತ್ತಿಗೆದಾರನೇ ಫೋನ್ ಮಾಡಿದ. ಹಣ ಬಂತು, ಪೂರ್ತಿ ಅಲ್ಲ.

ಸರ್ಕಾರಕ್ಕೆ ಈ ಕೆಲಸ ಇನ್ನೂ ಸುಲಭ. ಮೆಟ್ರೊ, ರಸ್ತೆ, ಸರ್ಕಾರಿ ಮನೆಗಳು, ಎಲ್ಲದಕ್ಕೂ ದುಡ್ಡು ಕೊಡುವುದು ಅದೇ. ಒಬ್ಬೊಬ್ಬರ ಹೆಸರಿನ ಹಾಜರಿ, ಒಬ್ಬೊಬ್ಬರ ಖಾತೆಗೆ ಕೂಲಿ ಹೋದ ಪುರಾವೆ ತೋರಿಸದೆ ಗುತ್ತಿಗೆದಾರನ ಬಿಲ್ ಪಾಸ್ ಮಾಡಬಾರದು. ಬಿಲ್ ತಡೆದರೆ ಎಂಥವನೂ ದಾರಿಗೆ ಬರುತ್ತಾನೆ. ಹತ್ತು ಭಾಷಣಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅನುಭವ. ಜೊತೆಗೆ ಸ್ಥಳೀಯ ಸಮಿತಿಯ ಫೋನ್ ನಂಬರನ್ನು ಸೈಟಿನ ನೀರಿನ ಟ್ಯಾಂಕಿಯ ಹತ್ತಿರ ಕನ್ನಡದಲ್ಲೂ ಬರೆಸಲಿ. ಮರಾಠಿ ಬೋರ್ಡಿನ ಕೆಳಗೇ ಕೊಡ ತುಂಬಿಕೊಂಡು, ಅದರಲ್ಲೇನಿದೆ ಅಂತ ತಿಳಿಯದೆ ಹೋಗುವವರು ಎಷ್ಟೋ ಜನ.

ಅಡ್ಡಾದಲ್ಲಿ, ಅಂದರೆ ಕೂಲಿಗೆ ಕಾಯುವ ನಾಕಾದಲ್ಲಿ, ನಿಂತು ದಿನಕ್ಕೊಬ್ಬ ಮಾಲೀಕನ ಹತ್ತಿರ ಹೋಗುವವರಿಗೆ ಒಂದು ಮಾತು. ನಿಮಗೆ 90 ದಿನದ ಸರ್ಟಿಫಿಕೇಟನ್ನು ಪಾಲಿಕೆಯ ಅಥವಾ ಗ್ರಾಮಪಂಚಾಯ್ತಿಯ ಅಧಿಕಾರಿಯೂ ಕೊಡಬಹುದು. ಕೆಲಸಕ್ಕೆ ಹೋದ ದಿನ, ಜಾಗ, ಮಾಲೀಕನ ಫೋನ್ ನಂಬರನ್ನು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಸಿಡಿ. ನಮ್ಮ ಭಾನುವಾರದ ನೋಂದಣಿ ಕ್ಯಾಂಪಿಗೆ ಬರುವಾಗ ಅದನ್ನೂ ತನ್ನಿ, ಆಧಾರ್, ಎರಡು ಫೋಟೊ, ಬ್ಯಾಂಕ್ ಪಾಸ್‌ಬುಕ್ಕನ್ನೂ ತನ್ನಿ. ಪಾಸ್‌ಬುಕ್ ನಿಮ್ಮ ಹೆಸರಿನದೇ ಇರಲಿ, ಗಂಡನದು ಬೇಡ.