ಪೆನ್ ಡ್ರೈವ್ ತಂದ ಟೀಚರ್

ಮಳೆಗಾಲದ ಒಂದು ಮಧ್ಯಾಹ್ನ ವಿರಾಜಪೇಟೆಯ ನನ್ನ ವಕೀಲಿ ಆಫೀಸಿಗೆ ಗಣಿತದ ಟೀಚರೊಬ್ಬರು ಬಂದರು. ಒದ್ದೆ ಕೊಡೆ ಮೂಲೆಗಿಟ್ಟು, ಬ್ಯಾಗಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಆರು ವರ್ಷ ಪೊನ್ನಂಪೇಟೆ ಹತ್ತಿರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಆನ್‌ಲೈನ್ ಪಾಠ ಬರೆದವರು. ಈಗ ಕೆಲಸ ಬಿಟ್ಟು ಪಿಯು ಮಕ್ಕಳಿಗೆ ಸ್ವಂತ ಕ್ಲಾಸ್ ಶುರು ಮಾಡುವ ಆಸೆ.

“ಸರ್, ನಾನೂರು ವರ್ಕ್‌ಶೀಟ್ ಇದೆ. ಎಲ್ಲಾ ನಾನೇ ಬರೆದದ್ದು. ನನ್ನದೇ ಅಲ್ವಾ?”

ಅಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಮತ್ತೆ ಹೇಳುತ್ತೇನೆ, ಕೇಳಲು ಬರುವವರೆಲ್ಲ ಕಷ್ಟಪಟ್ಟು ದುಡಿದವರು.

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಒಡೆತನ ಕೆಲಸ ಕೊಟ್ಟವರದ್ದು. ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ ಮಾತು. ಅದು ನಿಮಗೆ ಒಪ್ಪಿಸಿದ ಕೆಲಸವಾಗಿದ್ದರೆ, ರಾತ್ರಿ ಹನ್ನೊಂದಕ್ಕೆ ಬರೆದರೂ ಅಷ್ಟೇ, ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದರೂ ಅಷ್ಟೇ. ತೋಟದಲ್ಲಿ ಕಾಫಿ ಕೊಯ್ದವರು ಚೀಲವನ್ನು ಮನೆಗೆ ಒಯ್ಯುತ್ತಾರಾ? ಇಲ್ಲ. ಆದರೆ ರೋಬಸ್ಟಾ ಗಿಡದಲ್ಲಿ ಯಾವ ಚಿಗುರು ತೆಗೆಯಬೇಕು, ಯಾವುದು ಬಿಡಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ, ಅವರ ಜೊತೆಗೇ ಹೋಗುತ್ತದೆ. ಟೀಚರಿಗೂ ಹಾಗೆಯೇ. ಕಾಪಿರೈಟ್ ಇರುವುದು ಬರೆದ ರೂಪಕ್ಕೆ, ಐಡಿಯಾಕ್ಕಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಪ್ರಶ್ನೆ ಮೊದಲು ಕೇಳಬೇಕು ಎಂಬ ತಿಳುವಳಿಕೆ ನಿಮ್ಮದೇ. ಹಾಳೆಗಳು ಕಂಪನಿಯವು. ರಾಮು ತೆಗೆದು ಸೋಮು ಹಾಕಿ, ಸುಮ್ನೆ ಅಂಕಿ ಬದಲಿಸಿದರೆ ಅದು ಹೊಸ ಹಾಳೆ ಆಗುವುದಿಲ್ಲ.

ಕನ್ಸಲ್ಟೆಂಟ್ ಆಗಿ ಬಿಲ್ ಹಾಕಿ ಬರೆದವರ ಲೆಕ್ಕ ಬೇರೆ. ಹಕ್ಕನ್ನು ಬರವಣಿಗೆಯಲ್ಲಿ ಬಿಟ್ಟುಕೊಡದಿದ್ದರೆ ಬರಹ ಸಾಮಾನ್ಯವಾಗಿ ಅವರದೇ. ಬಿಟ್ಟುಕೊಟ್ಟ ಪತ್ರದಲ್ಲಿ ಅವಧಿ ಹೇಳಿರದಿದ್ದರೆ 5 ವರ್ಷ, ಜಾಗ ಹೇಳಿರದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ದುಡ್ಡು ಕೊಟ್ಟು ಮಾಡಿಸಿದ ವೀಡಿಯೊಗೆ ನಿಯಮ ಮತ್ತೆ ಬೇರೆ. ಪತ್ರ ನೋಡದೆ ನಾನು ಏನೂ ಹೇಳಲಾರೆ. ದಯವಿಟ್ಟು ನೇಮಕಾತಿ ಪತ್ರದ ಎಲ್ಲಾ ಪುಟ ತನ್ನಿ. ಜಾಸ್ತಿ ಜನ ತರುವುದು ಸಂಬಳ ಬರೆದ ಪುಟ ಒಂದನ್ನೇ.

ಕೆಲಸ ಬಿಟ್ಟ ಮೇಲೆ ಎರಡು ವರ್ಷ ಎಲ್ಲೂ ಪಾಠ ಮಾಡಬಾರದು ಎಂಬ ಷರತ್ತು ಆ ಟೀಚರ ಪತ್ರದಲ್ಲೂ ಇತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಇಂಥದ್ದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೆಲಸದಲ್ಲಿರುವಾಗ ಬೇರೆ ಕ್ಲಾಸ್ ಮಾಡಬಾರದು ಅನ್ನುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಹಾಗಾಗಿ ಸೈಡ್ ಕ್ಲಾಸಿಗೆ ಮೊದಲು ಒಪ್ಪಿಗೆಯನ್ನು ಇಮೇಲಿನಲ್ಲಿ ಕೇಳಿ, ಫೋನಿನಲ್ಲಿ ಬೇಡ.

“ಆರು ವರ್ಷ ಹೋಯ್ತಲ್ಲಾ ಸರ್” ಎಂದರು. ಕಣ್ಣು ತುಂಬಿತ್ತು. ಕಾಫಿ ತರಿಸಿದೆ. ಮಾತಿನ ನಡುವೆ, ಅವರ ಅಪ್ಪ ದಿನಾ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳು ಮನೆಯಲ್ಲಿವೆ ಎಂದು ಗೊತ್ತಾಯಿತು. ಅದರಿಂದ ಶುರು ಮಾಡಿ ಅಂದೆ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಹೊತ್ತಿಗೆ ಮೊದಲ ಹಾಳೆ ಕಳಿಸಿದರು. ಸ್ಟ್ಯಾಟಿಸ್ಟಿಕ್ಸ್ ಪಾಠ. ಹನ್ನೆರಡು ತಿಂಗಳ ಮಳೆ, ಅಪ್ಪನ ಪುಸ್ತಕದ್ದೇ. ಮೊದಲ ಪ್ರಶ್ನೆ: “ಜುಲೈ ಸರಾಸರಿಯಿಂದ ಎಷ್ಟು ದೂರ ನಿಂತಿದೆ?”