ಹಳೆಯ ವಿದ್ಯಾರ್ಥಿಗಳ ದೇಣಿಗೆ: ಋಣದಿಂದಲೇ ಕೊಡುತ್ತಾರೆಯೇ?

ಓದಿ ಹೊರಬಂದ ಕಾಲೇಜಿಗೆ ಹಣ ಕೊಡುವುದೇಕೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ‘ಋಣ ತೀರಿಸಲು’ ಎಂದು. ಈ ಉತ್ತರ ತಪ್ಪಲ್ಲವಾದರೂ ಅಷ್ಟಕ್ಕೇ ನಿಂತರೆ ವಿಷಯದ ತಿರುಳು ಕೈತಪ್ಪುತ್ತದೆ. ಏಕೆಂದರೆ ಶುಲ್ಕ ಕಟ್ಟಿ ಪದವಿ ಪಡೆದವರ ವ್ಯವಹಾರ ಅಲ್ಲಿಗೇ ಮುಗಿದಿರುತ್ತದೆ, ಮೇಲಾಗಿ ತಾವೊಬ್ಬರು ಕೊಡದಿದ್ದರೆ ಕಾಲೇಜು ಮುಚ್ಚುವುದಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತದೆ.

ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು: ದಾನಿ ಬಯಸುವುದು ಹಣದಿಂದಾಗುವ ಒಳಿತನ್ನು ಮಾತ್ರವಲ್ಲ, ‘ನಾನು ಕೊಟ್ಟೆ’ ಎಂಬ ಒಳಗಿನ ಸಮಾಧಾನವನ್ನೂ. ಇದನ್ನು ‘ವಾರ್ಮ್ ಗ್ಲೋ’ ಎನ್ನುತ್ತಾರೆ. ಇದರ ಜೊತೆಗೆ ಹೆಸರಿನ ಆಸೆಯೂ ಸೇರುತ್ತದೆ. ದಾನಿಗಳ ಹೆಸರನ್ನು ಮೊತ್ತದ ವರ್ಗಗಳಾಗಿ ವಿಂಗಡಿಸಿ ಪ್ರಕಟಿಸಿದಾಗ, ಪ್ರತಿ ವರ್ಗದ ಕನಿಷ್ಠ ಮೊತ್ತಕ್ಕೆ ಸರಿಯಾಗಿ ಕೊಡುವವರೇ ಹೆಚ್ಚು ಎಂಬುದನ್ನು ವಿಲಿಯಂ ಹಾರ್ಬೋ 1998ರಲ್ಲಿ ತೋರಿಸಿದರು.

ಇನ್ನಷ್ಟು ಕುತೂಹಲಕರವಾದದ್ದು ಜೊನಾಥನ್ ಮೀರ್ ಮತ್ತು ಹಾರ್ವಿ ರೋಸೆನ್ ಅವರ 2009ರ ಅಧ್ಯಯನ. ಅಮೆರಿಕದ ಒಂದು ವಿಶ್ವವಿದ್ಯಾಲಯದ ದಾಖಲೆಗಳನ್ನು ಪರಿಶೀಲಿಸಿದ ಅವರಿಗೆ, ಮಕ್ಕಳು ಪ್ರವೇಶದ ವಯಸ್ಸಿಗೆ ಹತ್ತಿರವಾದಂತೆ ಹೆತ್ತವರು ಕೊಡುವ ಸಾಧ್ಯತೆ ಏರುವುದೂ, ಮಗುವಿಗೆ ಅಲ್ಲಿ ಸೀಟು ಸಿಗದಿದ್ದರೆ ಅದು ಥಟ್ಟನೆ ಕುಸಿಯುವುದೂ ಕಂಡುಬಂದವು. ಇದನ್ನು ಬರೀ ಕೃತಜ್ಞತೆ ಎನ್ನಲು ನನಗಂತೂ ಧೈರ್ಯ ಸಾಲದು. ಹಾಗೆಂದು ಎಲ್ಲವನ್ನೂ ಲೆಕ್ಕಾಚಾರವೆಂದು ತಳ್ಳಿಹಾಕುವಂತೆಯೂ ಇಲ್ಲ, ಮಕ್ಕಳಿಲ್ಲದವರೂ ಕೊಡುತ್ತಾರೆ. ಕೇಳುವವರು ಯಾರು ಎಂಬುದೂ ಮುಖ್ಯ: ಹಿಂದೆ ಒಂದೇ ಕೋಣೆಯಲ್ಲಿದ್ದ ಗೆಳೆಯ ಕೇಳಿದಾಗ ಕೊಡುವ ಸಾಧ್ಯತೆ ಹೆಚ್ಚುತ್ತದೆ ಎಂದು ಮೀರ್ 2011ರಲ್ಲಿ ದಾಖಲಿಸಿದ್ದಾರೆ.

ಮತ್ತೆ ಋಣದ ಮಾತಿಗೆ ಬರೋಣ. ಕನ್ನಡದಲ್ಲಿ ಋಣ ಮತ್ತು ಸಾಲ ಎರಡೂ ಒಂದೇ ಅರ್ಥದ ಪದಗಳಂತೆ ಕಂಡರೂ ಅವುಗಳ ಭಾವ ಬೇರೆ: ಸಾಲಕ್ಕೆ ಕಂತು ಇದೆ, ಋಣಕ್ಕೆ ಇಲ್ಲ. ಈ ವ್ಯತ್ಯಾಸ ಅಂಕಿಅಂಶಗಳಲ್ಲಿಯೂ ಕಾಣಿಸಿಕೊಂಡಿರುವುದು ಸೋಜಿಗ. ಮೀರ್ ಮತ್ತು ರೋಸೆನ್ ಅವರ ಇನ್ನೊಂದು ಅಧ್ಯಯನದ ಪ್ರಕಾರ, ಶೈಕ್ಷಣಿಕ ಸಾಲ ಪಡೆದು ಓದಿದವರು ಮುಂದೆ ದೇಣಿಗೆ ನೀಡುವ ಸಾಧ್ಯತೆ ಕಡಿಮೆ. ಇದಕ್ಕೆ ಕಂತಿನ ಭಾರವೊಂದೇ ಕಾರಣವಿರಲಾರದು. ಪಡೆದುದಕ್ಕೆ ಬಡ್ಡಿ ಸಮೇತ ಬೆಲೆ ತೆತ್ತವರಿಗೆ, ಇನ್ನು ಕೊಡಬೇಕಾದದ್ದೇನೂ ಉಳಿದಿಲ್ಲ ಎನಿಸುವುದು ಸಹಜವೆಂದು ನನ್ನ ಊಹೆ.

ಈ ಊಹೆಗೆ ಒಗ್ಗದ ಉದಾಹರಣೆಯೂ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾಲ ಪಡೆದು, ಆವರಣದಲ್ಲೇ ಕೆಲಸ ಮಾಡುತ್ತ ಓದಿ 1964ರಲ್ಲಿ ಪದವಿ ಪಡೆದ ಅಮೆರಿಕದ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್, ಮೊದಲ ಬಾರಿ ಅದಕ್ಕೆ ಕೊಟ್ಟದ್ದು 5 ಡಾಲರ್. 2018ರಲ್ಲಿ ಅವರು 180 ಕೋಟಿ ಡಾಲರ್ ಘೋಷಿಸಿದಾಗ, ಆ ಹಣವನ್ನು ಮೀಸಲಿಟ್ಟದ್ದು ವಿದ್ಯಾರ್ಥಿಗಳು ಸಾಲದ ಬದಲು ಸಹಾಯಧನದಿಂದ ಓದುವಂತಾಗಲಿ ಎಂದು.