ಅಲಿಯಾಸ್ ಅಂದರೆ ಸುಳ್ಳು ಹೆಸರೇ?

ಪ್ರಶ್ನೆ: ಅಪರಾಧ ಸುದ್ದಿಗಳಲ್ಲಿ 'ಮಂಜ ಅಲಿಯಾಸ್ ಕುಳ್ಳ ಮಂಜ' ಎಂದು ಓದುತ್ತೇವೆ. ಈ ಪದ ಎಲ್ಲಿಂದ ಬಂತು? ಅಲಿಯಾಸ್ ಇದ್ದವರೆಲ್ಲ ಹೆಸರು ಮರೆಸಿಕೊಂಡವರೇ?

ಉತ್ತರ: ಖಂಡಿತ ಅಲ್ಲ. ಈ ಪದದ ಹುಟ್ಟಿನಲ್ಲಿ ಸುಳ್ಳಿರಲಿ, ಹೆಸರಿನ ಸುಳಿವೂ ಇಲ್ಲ. ಲ್ಯಾಟಿನ್ನಿನಲ್ಲಿ 'ಅಲಿಯುಸ್' ಎಂದರೆ ಬೇರೆಯವನು, ಮತ್ತೊಬ್ಬ. ಅದರಿಂದ ಬಂದ ಕ್ರಿಯಾವಿಶೇಷಣ 'ಅಲಿಯಾಸ್'. ಇನ್ನೊಂದು ಸಲ, ಬೇರೆ ರೀತಿಯಲ್ಲಿ ಎಂಬುದು ಅದರ ಅರ್ಥ.

ಹೆಸರಿಗೂ ಅದಕ್ಕೂ ಗಂಟು ಬಿದ್ದದ್ದು ಇಂಗ್ಲೆಂಡಿನ ಕೋರ್ಟುಗಳಲ್ಲಿ. ಅಲ್ಲಿನ ಕಡತಗಳು ಶತಮಾನಗಳ ಕಾಲ ಲ್ಯಾಟಿನ್ನಿನಲ್ಲೇ ಇದ್ದವು. ದಾವೆಯಲ್ಲಿ ಹೆಸರು ತಪ್ಪಾಗಿದೆ ಎಂದು ಪ್ರತಿವಾದಿ ತಕರಾರು ತೆಗೆದರೆ ದಾವೆಯೇ ಬಿದ್ದುಹೋಗುವ ಅಪಾಯವಿತ್ತು. ಹಾಗಾಗಿ ಎರಡು ಹೆಸರು ಬಳಕೆಯಲ್ಲಿದ್ದವನಿಗೆ ಒಂದನ್ನು ಬರೆದು, 'ಅಲಿಯಾಸ್ ಡಿಕ್ಟುಸ್', ಅಂದರೆ 'ಬೇರೆ ರೀತಿಯಲ್ಲಿ ಕರೆಸಿಕೊಳ್ಳುವ' ಎಂದು ಸೇರಿಸಿ ಇನ್ನೊಂದನ್ನೂ ಬರೆಯುತ್ತಿದ್ದರು. ಯಾರು ಎಂಬುದು ಸ್ಪಷ್ಟವಾಗಲಿ ಎಂಬುದೇ ಉದ್ದೇಶ. ಮುಂದೆ 'ಡಿಕ್ಟುಸ್' ಉದುರಿತು. 15ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರಹದಲ್ಲೂ ಒಂಟಿ 'ಅಲಿಯಾಸ್' ಕಾಣುತ್ತದೆ. 1600ರ ಆಸುಪಾಸಿಗೆ ಅದು ನಾಮಪದವೂ ಆಯಿತು. ಪದಕ್ಕೆ ಕಳಂಕ ತಗುಲಿದ್ದು ಕ್ರಿಮಿನಲ್ ಕಡತಗಳ ಸಹವಾಸದಿಂದ.

ಇಂಗ್ಲಿಷರು ಇದನ್ನು 'ಏಲಿಯಸ್' ಎನ್ನುತ್ತಾರೆ. ಮೂಲ ಲ್ಯಾಟಿನ್ನಿನಲ್ಲಿ ಮೊದಲ ಸ್ವರ ಹ್ರಸ್ವ, ಕೊನೆಯದು ದೀರ್ಘ. ಅಂದರೆ ಕನ್ನಡ ಪತ್ರಿಕೆಗಳ 'ಅಲಿಯಾಸ್' ಮೂಲಕ್ಕೇ ಹತ್ತಿರ. ಹಾಗೇ ಬರೆಯಿರಿ, ತಿದ್ದಬೇಕಿಲ್ಲ. ಇದೇ ಕೆಲಸಕ್ಕೆ ನಮ್ಮ ಹಳೆಯ ದಾಖಲೆಗಳಲ್ಲಿರುವ 'ಉರುಫ್' ಅರಬ್ಬಿ ಮೂಲದ್ದು, ಪಾರಸಿಯ ದಾರಿಯಲ್ಲಿ ಬಂದದ್ದು. ಪೊಲೀಸ್ ದಾಖಲೆಗಳಲ್ಲಿ ಎರಡು ಹೆಸರುಗಳ ನಡುವೆ ಕಾಣುವ @ ಚಿಹ್ನೆಯನ್ನೂ ಅಲಿಯಾಸ್ ಎಂದೇ ಓದಬೇಕು. ಇಮೇಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಅಪರಾಧ ನಡೆದಾಗ ತಾನು ಅಲ್ಲಿರಲೇ ಇಲ್ಲ ಎಂಬ ಆರೋಪಿಯ ವಾದಕ್ಕೆ ಕೋರ್ಟುಗಳಲ್ಲಿ ಬಳಸುವ 'ಅಲಿಬಿ' ಇದೇ ಬೇರಿನ ಇನ್ನೊಂದು ಕ್ರಿಯಾವಿಶೇಷಣ. ಲ್ಯಾಟಿನ್ನಿನಲ್ಲಿ 'ಬೇರೆ ಕಡೆ' ಎಂದಷ್ಟೇ ಅರ್ಥ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 11ನೇ ಕಲಮು ಈ ಪದವನ್ನು ಬಳಸದೆಯೇ ಉದಾಹರಣೆಯಿಂದ ವಿಷಯವನ್ನು ಹೇಳುತ್ತಿತ್ತು: ಅಪರಾಧ ನಡೆದದ್ದು ಕಲ್ಕತ್ತದಲ್ಲಿ, ಆ ದಿನ ಆರೋಪಿ ಇದ್ದದ್ದು ಲಾಹೋರಿನಲ್ಲಿ. 'ಬೇರೆ' ಎಂಬರ್ಥದ ಇಂಗ್ಲಿಷಿನ 'ಎಲ್ಸ್' ಈ ಕುಟುಂಬದ್ದೇ, ಆದರೆ ಲ್ಯಾಟಿನ್ನಿನಿಂದ ಬಂದದ್ದಲ್ಲ. ಎರಡು ಭಾಷೆಗಳೂ ಒಂದೇ ಹಳೆಯ ಬೇರಿನಿಂದ ಪಡೆದ ಪಾಲು. ಗ್ರೀಕಿನ 'ಅಲ್ಲೋಸ್' ಕೂಡ ಹಾಗೆಯೇ. 1906ರಲ್ಲಿ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದ ಕಟ್ಟಿದ್ದು ಅದರಿಂದಲೇ.

ಆದರೆ ಆರಂಭದ ಅಕ್ಷರ ನೋಡಿ ನೆಂಟಸ್ತಿಕೆ ಕಟ್ಟಬೇಡಿ. ಮಿತ್ರ ಎಂಬರ್ಥದ 'ಆಲೈ' ಬಂದದ್ದು 'ಕಟ್ಟು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ, ಜೀವನಾಂಶ ಎಂಬರ್ಥದ 'ಆಲಿಮನಿ' ಬಂದದ್ದು 'ಪೋಷಿಸು' ಎಂಬ ಧಾತುವಿನಿಂದ.